ಇಲ್ಲಿ ಒತ್ತಿ

ಮೂವತ್ತು ವರ್ಷ ಬೋರ್ಡು ಬರೆದ ಕೈ ಇದು.
ಐದು ರಸ್ತೆಯ ಸೋಡಾ ಅಂಗಡಿಯಿಂದ ಹಿಡಿದು
ತದಡಿಯ ಬೋಟುಗಳ ಮೂತಿಯವರೆಗೆ
ನನ್ನ ‘ಳ’ಕಾರದ ಬಾಲ ಕಂಡರೆ ಸಾಕು,
ಪರಮ ಗುಡಿಗಾರನ ಕೈ ಅನ್ನುತ್ತಿದ್ದರು.

ಫ್ಲೆಕ್ಸು ಬಂತು. ಬ್ರಷ್ಷು ಡಬ್ಬಿಯಲ್ಲೇ ಸೆಟೆಯಿತು.
ತಂಗಿಯ ಮಗಳು ಸುಗುಣಾ ಹೇಳಿದಳು:
ಮಾಮಾ, ಅಕ್ಷರವನ್ನೇ ಮಾರು.
ಗೋಡೆ ಬೇಡ, ಏಣಿ ಬೇಡ,
ಒಮ್ಮೆ ಬರೆದದ್ದನ್ನು ಸಾವಿರ ಸಲ ಮಾರಬಹುದು.
ಇದಕ್ಕೆ ಡಿಜಿಟಲ್ ಆಸ್ತಿ ಅನ್ನುತ್ತಾರೆ.

ಆಸ್ತಿ!
ನಮ್ಮ ಮನೆತನದಲ್ಲಿ ಯಾರೂ
ತಮ್ಮದಕ್ಕೆ ಅಂದುಕೊಳ್ಳದ ಶಬ್ದ.

ಹನ್ನೊಂದು ತಿಂಗಳು ಕೂತು ಬರೆದೆ.
ಕಾಗುಣಿತ, ಅದರ ಕೆಳಗೆ ಒತ್ತು,
ಒತ್ತಿನ ಮಗ್ಗುಲಿಗೆ ಇನ್ನೊಂದು ಒತ್ತು.
ಆ ಜಾಗತಿಕ ಸಂತೆಯಲ್ಲಿ
ಅದಕ್ಕೆ ಸಿಕ್ಕ ಗೂಡಿನ ಹೆಸರು ‘ಇತರೆ’.
ನೂರಕ್ಕೆ ನಲವತ್ತು ಸಂತೆಯವರಿಗೆ.
ಉಳಿದದ್ದು ನೂರು ಡಾಲರ್ ತುಂಬುವವರೆಗೆ
ಅವರಲ್ಲೇ ಇರುತ್ತದೆ. ಕಾಣುತ್ತದೆ, ಕೈಗೆ ಬಾರದು,
ಗಾಜಿನ ಭರಣಿಯ ಪೆಪ್ಪರಮೆಂಟಿನ ಹಾಗೆ.

ಏಳು ತಿಂಗಳಿಗೆ ಮೂರು ಗಿರಾಕಿ.
ಮೂರನೆಯವರು ಕೊಟ್ಟದ್ದು ಒಂದೇ ನಕ್ಷತ್ರ,
ಜೊತೆಗೊಂದು ಚಿತ್ರ:
ಮದುವೆ ಕಾಗದ, ಮೂಲೆಗೆ ಅರಿಶಿನ,
ನೆತ್ತಿಯ ಮೇಲೆ ನನ್ನದೇ ದುಂಡು ಅಕ್ಷರದಲ್ಲಿ
‘ಶೀ ಗಣೇಶಾಯ ನಮಃ’.

ಶ್ರೀಯ ಕಾಲಡಿಯ ರಕಾರ ಎಲ್ಲೋ ಉದುರಿದೆ.
ಲಗ್ನ ಹೋಗಿ ಲಗ. ಕನ್ಯೆ ಹೋಗಿ ಕನೆ.
ನನ್ನ ಪರದೆಯಲ್ಲಿ ಎಲ್ಲ ನೆಟ್ಟಗಿದೆ.
ಸಂತೆಯಿಂದ ನಾವೇ ಇಳಿಸಿಕೊಂಡು ‘ಆಸ್ತಿ’ ಹೊಡೆದೆವು:
‘ಆಸಿ’.
ಅವರ ಯಂತ್ರ ಕಡತವನ್ನು ಹಿಂಡಿ ಸಣ್ಣದು ಮಾಡುವಾಗ
ಕೆಳಗೆ ಬಿದ್ದದ್ದೆಲ್ಲ ಕಸವೆಂದು ಗುಡಿಸಿದೆ.

ದೂರು ಕೊಟ್ಟೆ. ‘ಪ್ರಿಯ ಸೃಜನಶೀಲ ಮಿತ್ರ,
ಸಮಸ್ಯೆ ಬಗೆಹರಿದಿದ್ದರೆ ಇಲ್ಲಿ ಒತ್ತಿ.
ಬಗೆಹರಿಯದಿದ್ದರೆ ಇಲ್ಲಿ ಒತ್ತಿ.’
ಎರಡನ್ನೂ ಒತ್ತಿದೆ. ಎರಡೂ ಒಂದೇ ಬಾಗಿಲು.
ಗಿರಾಕಿಗೆ ದುಡ್ಡು ಮರಳಿಲ್ಲ,
ನನ್ನ ಲೆಕ್ಕದಿಂದ ಕಳೆದಾಗಿದೆ.

ನೇರ ಮಾತಾಡೋಣವೆಂದು ನಂಬರು ಬರೆದರೆ
ಸಂತೆ ಅದರ ಮೇಲೆ ಚುಕ್ಕಿ ಎಳೆಯುತ್ತದೆ.
ಮತ್ತೆ ಬರೆದೆ. ಮತ್ತೆ ಚುಕ್ಕಿ.
ಮಲಗಿದಾಗ ಹೊಳೆಯಿತು, ಎದ್ದು ಕನ್ನಡದಲ್ಲಿ ಬರೆದೆ:
ಒಂಬತ್ತು, ನಾಲ್ಕು, ನಾಲ್ಕು, ಎಂಟು...
ಒತ್ತು ಗೊತ್ತಿಲ್ಲದ ಯಂತ್ರಕ್ಕೆ
ಒಂಬತ್ತೂ ಗೊತ್ತಿರಲಿಲ್ಲ.

ಬೆಳಿಗ್ಗೆ ಫೋನು. ಹೆಂಗಸಿನ ದನಿ,
ಹಿಂದೆ ಅಚ್ಚಿನ ಮಶಿನ್ನಿನ ಸದ್ದು.
“ಅಲ್ಲ ಮಾರಾಯ್ರೆ, ಎಂತಾ ಅಕ್ಷರ ಮಾರೂದು ನೀವು?
ಮದುಮಗನ ಅಪ್ಪ ಅಂಗಡಿಗೆ ಬಂದು
ಓದಿ ಹೇಳಿ ಹೋದ್ರು, ಶೀ ಅಂತ!”
ಹತ್ತು ನಿಮಿಷ ಬೈದ ಮೇಲೆ ಕೇಳಿದರು: ಯಾವೂರು?
ಶಿರಸಿ.
ಮಶಿನ್ನು ನಿಂತಿತು.
“ನಂದು ಕುಮಟೆ. ಪ್ರೆಸ್ಸು. ವಿಲಾಸಿನಿ ಶಾನಭಾಗ.”

ದೇವಿಮನೆ ಘಟ್ಟ ಇಳಿದರೆ ಎರಡು ತಾಸು ಬಸ್ಸು.
ನಮ್ಮಿಬ್ಬರ ದೂರು ಯಾವ ಸಮುದ್ರ ದಾಟಿ
ಯಾರ ಮೇಜಿನ ಕೆಳಗೆ ಬಿದ್ದಿದೆಯೋ,
ಇವತ್ತಿಗೆ ನಲವತ್ತೊಂದು ದಿನ.

ಮದುವೆ ಮುಗಿದಿದೆ. ಮುನ್ನೂರು ಕಾಗದಕ್ಕೂ
ಆಕೆ ರಾತ್ರಿಯೆಲ್ಲ ಕೂತು ಶಾಯಿ ಪೆನ್ನಿನಲ್ಲಿ
ಒಂದೊಂದಾಗಿ ಒತ್ತು ಕೊಟ್ಟರಂತೆ.
ಉಳಿದದ್ದೊಂದನ್ನು ಕಂಡಕ್ಟರನ ಕೈಲಿ ಕಳಿಸಿದ್ದಾರೆ.
ಕನ್ನಡಕ ಹಾಕಿ ನೋಡಿದೆ.
ಅವಸರದ ರಕಾರ, ಎಡಕ್ಕೆ ವಾಲಿದ್ದು.
ನನ್ನದಕ್ಕಿಂತ ಚಂದ ಅನ್ನಲಾರೆ,
ಆದರೆ ಬಿದ್ದಿಲ್ಲ.
ದುಡ್ಡಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಎತ್ತಬೇಕಿತ್ತೋ ಏನೋ.

ಇವತ್ತು ಸಂತೆಯಿಂದ ಪತ್ರ:
‘ನಮ್ಮೊಂದಿಗೆ ನಿಮ್ಮ ಅನುಭವ ಹೇಗಿತ್ತು?
ಎರಡು ಮಾತು ಬರೆಯಿರಿ.’
ಸುಗುಣಾ ಬೆರಳು ಎತ್ತಿಕೊಂಡು
ನನ್ನ ಮುಖ ನೋಡಿದಳು.
ಶ್ರೀ ಅಂತ ಬರಿ, ಅಂದೆ.
ಅವರ ಕಡೆ ಹೋಗಿ ಮುಟ್ಟುವಷ್ಟರಲ್ಲಿ
ಸರಿಯಾಗಿರುತ್ತದೆ.