ಮೂರನೆಯ ಸಾಕ್ಷಿ

ಐಕಿಲೆ ಊರಿನ ಆಸ್ಪತ್ರೆ, ಹಿಂಬದಿಯ ಕೋಣೆ.
ಮೇಜಿನ ಮೇಲೆ ತೊಂಬತ್ತಾರು ಕುಳಿಗಳ ತಟ್ಟೆ,
ಕುಳಿಗೊಂದು ಹನಿ, ಹನಿಗೊಂದು ತೋಳು.

ಮೊದಲ ಪರೀಕ್ಷೆಗೆ ಬಣ್ಣದ ಭಾಷೆ.
ಹಳದಿಗೆ ತಿರುಗಿದರೆ ಹೌದು,
ನೀರಾಗಿಯೇ ಉಳಿದರೆ ಇಲ್ಲ.
ಆತುರಗಾತಿ ಅವಳು. ಬೇರೆ ಕ್ರಿಮಿಯ ನೆರಳು ಕಂಡರೂ
ಒಮ್ಮೊಮ್ಮೆ ಇದೇ, ಇದೇ ಚಾಗಸ್ ಎಂದು ಕೂಗುತ್ತಾಳೆ.

ಎರಡನೆಯದು ಹಳೇ ಕಾಲದ್ದು, ಮಾತು ಕಡಿಮೆ.
ಕೆಂಪುಕಣಗಳು ತಳಕ್ಕೆ ಜಾರಿ
ಅಂಗಿಯ ಗುಂಡಿಯಂತೆ ಬಿಗಿಯಾಗಿ ಕೂತರೆ ಇಲ್ಲ,
ಚಾಪೆ ಹಾಸಿದಂತೆ ಹರಡಿದರೆ ಹೌದು.
ಅಲ್ಲಿಯವರೆಗೆ ಮೇಜು ಅಲುಗಬಾರದು.
ಪಕ್ಕದಲ್ಲಿ ಚರಾಂಗೋಗೆ ಮರ ಕೊರೆಯುವ ಮುದುಕನಿಗೆ
ಎರಡು ಗಂಟೆ ಸುತ್ತಿಗೆ ಕೆಳಗಿಡು ಮಾರಾಯ ಎಂದು
ವಾರಕ್ಕೊಮ್ಮೆ ಬೇಡಿಕೊಳ್ಳುತ್ತೇನೆ.

ನಲವತ್ತೊಂದನೆಯ ಹನಿ ಕಸಿಲ್ಡಾ ಚೋಕೆವಿಲ್ಕಳದು.
ಒಂದು ಹಳದಿ ಎಂದಿತು.
ಇನ್ನೊಂದು ಗುಂಡಿ.

ಕಿಟಕಿಯಾಚೆ ಬೆಂಚಿನ ಮೇಲೆ ಕೂತಿದ್ದಾಳೆ,
ಏಳು ತಿಂಗಳ ಹೊಟ್ಟೆ, ಅದರ ಮೇಲೆ ಬಿಳಿ ಟೊಪ್ಪಿಗೆ.
"ಇಬ್ಬರಲ್ಲಿ ಸುಳ್ಳು ಹೇಳುವವರು ಯಾರು?"
ಸುಳ್ಳಲ್ಲ ತಾಯಿ, ಒಬ್ಬರ ಕಿವಿ ಚುರುಕು,
ಒಬ್ಬರ ನಾಲಗೆ ಭಾರ, ಅಂದೆ ಕೆಚುವಾದಲ್ಲಿ.
ನಗಲಿಲ್ಲ. ಅವಳ ಮನೆಯ ಮಣ್ಣುಗೋಡೆಯ ಬಿರುಕಿನಿಂದ
ರಾತ್ರಿ ವಿಂಚುಕಾ ಇಳಿಯುತ್ತದೆ,
ಮಲಗಿದವರ ರೆಪ್ಪೆಯ ಬಳಿ ಕುಡಿದು
ಅಲ್ಲೇ ಹೇತು ಹೋಗುತ್ತದೆ.
ಅದಕ್ಕೆ ಎರಡನೆಯ ಅಭಿಪ್ರಾಯ ಬೇಕಿಲ್ಲ.

ಹಾಗಾಗಿ ಮೂರನೆಯದು.
ಬಾಗಿಲಿಗೆ ಕಂಬಳಿ ಇಳಿಬಿಟ್ಟ ಕತ್ತಲು.
ಗಾಜಿನ ಮೇಲೆ ಸತ್ತ ಪರೋಪಜೀವಿಗಳು,
ಅವುಗಳ ಮೇಲೆ ಅವಳ ರಕ್ತದ ತಿಳಿ.
ಹಳೆಯ ಗುರುತಿದ್ದರೆ ಹಸಿರು ಹೊಳೆಯಬೇಕು.

ಆದರೆ ಮೊದಲು ನೋಡಬೇಕಾದ್ದು ಅವಳದಲ್ಲ.
ಹೌದೆಂದು ಖಚಿತವಾಗಿರುವ ಒಂದು ಹನಿ, ಪ್ರತಿ ಸಲ,
ಅಳೆಯುವ ಮುಂಚೆ ಸೇರನ್ನೇ ಅಳೆದಂತೆ.
ನಮ್ಮ ಫ್ರೀಜರಿನಲ್ಲಿ ಅದರ ಹೆಸರು ಪಿ-೭.
ಹೃದಯ ಊದಿ ಅಪ್ಪ ಸತ್ತು ಆರು ವರ್ಷ.
ನಾಲ್ಕು ನಳಿಗೆ ಕೊಟ್ಟಿದ್ದ,
ಚೆಲ್ಲಬೇಡ, ಅಷ್ಟಷ್ಟೇ ಬಳಸು ಅಂದಿದ್ದ,
ಬಿತ್ತನೆ ಆಲೂಗಡ್ಡೆ ಎಣಿಸಿ ಕೊಡುವ ದನಿಯಲ್ಲಿ.
ಈಗ ಉಳಿದದ್ದು ಕೊನೆಯ ನಳಿಗೆಯ ಅರ್ಧ.

ಕಣ್ಣಿಟ್ಟೆ. ಹಸಿರು.
ಯಾವತ್ತಿನಂತೆ, ಅನುಮಾನವೇ ಇಲ್ಲದ ಹಸಿರು.
ಕೇಳಿಸಿತು ಅಪ್ಪ, ಸಾಕು.

ಗಾಜನ್ನು ಬೆರಳಗಲ ಸರಿಸಿದೆ.
ಹೊರಗೆ ಸುತ್ತಿಗೆಯ ಸದ್ದು ಮತ್ತೆ ಶುರುವಾಗಿದೆ.
ಕಸಿಲ್ಡಾಳ ವೃತ್ತ. ಮೊದಲು ಬರೀ ಕಪ್ಪು.
ಕಣ್ಣು ಒಗ್ಗಲಿ ಎಂದು ಕಾಯುತ್ತಿದ್ದೇನೆ.