ಸ್ಟಾಕಿನಲ್ಲಿ ಇಲ್ಲದ್ದು

ಮೆಣಸಿನಕಾಯಿ ಬಣ್ಣ ಕೊಳ್ಳಲು ಬಂದಿದ್ದ ಇಟಲಿಯವ
ಮೂರು ದಿನ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಸೀನಿ ಸೀನಿ
ಕಣ್ಣೊರೆಸಿಕೊಳ್ಳುತ್ತ ಕಾಗದಕ್ಕೆ ಸಹಿ ಹಾಕಿ
ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟ. ಆರು ಬಾಟ್ಲಿ.
ಸಾವುಕಾರ ಮುರಿಗೆಪ್ಪನವರು ಮುಟ್ಟಲಿಲ್ಲ.
'ಮೌನೇಶಪ್ಪ, ಇದನ್ನ ಸ್ಟಾಕಿನ್ಯಾಗ ಬರೀಬ್ಯಾಡ'
ಅಂದರು, ಅಷ್ಟೆ.
ಏನು ಮಾಡು ಎಂದು ಹೇಳಲಿಲ್ಲ.

ಮೂವತ್ತೊಂದು ವರ್ಷ ಖಾತೆ ಬರೆದವನಿಗೆ
ಬರೆಯದೆ ಇರುವುದು ಬಹಳ ಕಷ್ಟ.
ಮಗಳ ಹಳೆಯ ಅಟ್ಲಾಸು ತಂದೆ, ಮೊಬೈಲು ತಡವಿದೆ.
ಇಟಲಿ ಅಂದರೆ ಒಂದು ಉದ್ದನೆಯ ಬೂಟು,
ಸಾಲಿಗೆ ಹೋಗಲಾರೆನೆಂದು ಹಟ ಹಿಡಿದ ಹುಡುಗನಂತೆ
ಕಡಲಿನೊಳಗೆ ಒಂದು ಕಲ್ಲನ್ನು ಒದೆಯುತ್ತಿದೆ.

ಸೋಮವಾರ, ಗುರುವಾರ ಟೆಂಡರಿನ ಗದ್ದಲ.
ಉಳಿದ ದಿನ, ತೊಟ್ಟು ಬಿಡಿಸುವವರೆಲ್ಲ ಎದ್ದ ಮೇಲೆ
ಗಾಳೆವ್ವ ಒಬ್ಬಳು ಕೂತಿರುತ್ತಾಳೆ, ಬಸ್ಸು ಬರುವ ತನಕ.
ಮೂಗು ಅಂದರೆ ಅವಳದು. ಕಣ್ಣು ಮುಚ್ಚಿ
ಡಬ್ಬಿ ಯಾವುದು, ಕಡ್ಡಿ ಯಾವುದು,
ಯಾವ ಚೀಲಕ್ಕೆ ನೀರು ಹೊಡೆದಿದ್ದಾರೆ,
ಯಾವುದು ಕೋಲ್ಡ್ ಸ್ಟೋರೇಜಿನಲ್ಲಿ ಮಳೆಗಾಲ ಕಳೆದು ಬಂತು,
ಹೇಳುತ್ತಾಳೆ.

ಮೊದಲನೆಯದು ಬೂಟಿನ ಬಾಯಿಯ ಕಡೆಯದು, ಪಿಯೆಮೊಂತೆ.
ದ್ರಾಕ್ಷಿಯ ಹೆಸರು ನೆಬ್ಬಿಯೋಲೊ. ನೆಬ್ಬಿಯ ಅಂದರೆ ಮಂಜಂತೆ.
ಸ್ಟೀಲಿನ ಲೋಟಕ್ಕೆ ಸುರಿದೆ. ಮೂಸಿ
ಬಹಳ ಹೊತ್ತು ಸುಮ್ಮನಿದ್ದು,
'ಡಾಂಬರು ಹಾಕೋ ರೋಡಿನ್ಯಾಗ
ಗುಲಾಬಿ ಮಾರಾಕಿ ಹಾದು ಹೋದಂಗ ಐತ್ರಿ' ಅಂದಳು.
ಬಿಲ್ ಬುಕ್ಕಿನ ಹಿಂದೆ ಒಂದು ಹನಿ ಒತ್ತಿ ನೋಡಿದಳು.
ಒಂದು ಗುಟುಕಿಗೆ ಮುಖ ಕಿವುಚಿತು. ಅಳಲೆಕಾಯಿ ಒಗರು.
'ಬಣ್ಣ ಕಮ್ಮಿ, ಹೊಡತ ಜಾಸ್ತಿ. ಗುಂಟೂರಿನ ಪೈಕಿ.'

ಟಸ್ಕನಿಯ ಸಾಂಜೊವೇಸೆಗೆ ಕವಳಿಹಣ್ಣಿನ ಹುಳಿ.
ಇದು ಬರೇ ಕುಡಿಯುವುದಲ್ಲ, ಊಟದ ಜೊತೆಯದು ಎಂದು
ಅವಳೇ ತೀರ್ಮಾನಿಸಿ ಬುತ್ತಿ ಬಿಚ್ಚಿದಳು:
ಕಟಿರೊಟ್ಟಿ, ಕೆಂಪು ಚಟ್ನಿ.

ಅಬ್ರುತ್ಸೊದ ಬಿಳಿಯದಕ್ಕೆ ಪೆಕೊರೀನೊ ಎಂದು ಹೆಸರು.
ಪೆಕೊರ ಅಂದರೆ ಕುರಿ. ಗುಡ್ಡ ಹತ್ತುವ ಕುರಿಗಳು
ದಾರಿಯಲ್ಲಿ ಮೇಯುತ್ತಿದ್ದವಂತೆ ಈ ದ್ರಾಕ್ಷಿಯನ್ನು.
ಗಾಳೆವ್ವ ನಕ್ಕಳು ಅಂದರೆ ನಕ್ಕಳು.
ತವರಿನಲ್ಲಿ ಇನ್ನೂರು ಕುರಿ ಇದ್ದವು ಅವಳಿಗೆ.
'ಕುರಿ ಬಾಯಿ ಹಾಕಿದ್ದು ಕೆಟ್ಟದ್ದು ಇರಂಗಿಲ್ರಿ.'

ಹಿಮ್ಮಡಿಯದು, ಪುಲಿಯಾದ್ದು, ನೆಗ್ರೊಅಮಾರೊ. ಕರಿ, ಕಹಿ.
ಹೆಸರೇ ಎಲ್ಲ ಹೇಳಿಬಿಟ್ಟಿದ್ದರಿಂದ
ಇಬ್ಬರೂ ಏನೂ ಆಡದೆ ಕುಡಿದೆವು.
ಆ ದಿನ ಕರೆಂಟು ಇರಲಿಲ್ಲ.

ಒದೆಸಿಕೊಂಡ ಕಲ್ಲಿನ ಮೇಲೆ ಬೆಂಕಿ ಕಾರುವ ಗುಡ್ಡವಿದೆ.
ಅದರ ಬೂದಿಯಲ್ಲಿ ಬೆಳೆದದ್ದು ನೆರೆಲ್ಲೊ.
ಅವಳಿಗೆ ನಾನು ಏನೂ ಹೇಳಿರಲಿಲ್ಲ, ದೇವರಾಣೆ.
ಲೋಟ ಮೂಗಿನ ಹತ್ತಿರ ಬಂದದ್ದೇ:
'ಒಲಿ ಆರೇತಿ. ಬೂದಿ ಇನ್ನ ಬೆಚ್ಚಗೈತಿ.'

ಆಮೇಲೆ ಕೇಳಿದಳು: 'ಇವು ಅವರವೇ ಬೀಜ ಏನ್ರಿ? ಕಂಪನಿಯವಲ್ಲ?'
'ಬೀಜ ಅಲ್ಲವ್ವ, ಬಳ್ಳಿ ಕಡ್ಡಿ ನೆಡ್ತಾರ.
ಒಂದೊಂದು ಸೀಮಿಗೆ ಒಂದೊಂದು ತಳಿ.'
ಅವಳು ಸುತ್ತ ನೋಡಿದಳು.
ಗೋದಾಮಿನ ಎಲ್ಲ ಚೀಲದ ಮೇಲೂ ಬ್ಯಾಡಗಿ ಎಂದಿತ್ತು.
ಅದರಲ್ಲಿ ಬ್ಯಾಡಗಿ ಎಷ್ಟು ಎಂದು
ಇಬ್ಬರಿಗೂ ಗೊತ್ತಿತ್ತು.

ಖಾಲಿ ಬಾಟ್ಲಿಯೊಂದನ್ನು ಸೆರಗಿನಲ್ಲಿ ಸುತ್ತಿ ಒಯ್ದವಳು
ಮರುವಾರ ತುಂಬಿ ತಂದಳು:
ಬೂದಿಯಲ್ಲಿ ಹೊರಳಿಸಿದ ಡಬ್ಬಿ ಬೀಜ,
ಅತ್ತೆಯ ಕಾಲದಿಂದ ಸೋರೆಬುರುಡೆಯಲ್ಲಿ ಉಳಿಸಿಕೊಂಡು ಬಂದದ್ದು.
'ಚೀಟಿ ಬರದು ಹಚ್ರಿ, ಅವರಂಗ.'

ಬರೆದೆ. ಊರು ಮೋಟೆಬೆನ್ನೂರು.
ಹೊಲ ಹಳ್ಳದ ದಂಡಿ, ಅರ್ಧ ಎಕರೆ.
ತಳಿ ಡಬ್ಬಿ. ಕಾಪಿಟ್ಟಾಕಿ ಗಾಳೆವ್ವ.
'ಅವರ ಚೀಟ್ಯಾಗ ಹದಿಮೂರೂವರಿ ಅಂತ ಐತಲ್ಲ, ಅದೇನು?'
'ನಶೆ.'
'ಇದಕ್ಕ ಸೊನ್ನಿ ಹಾಕ್ರಿ.'

ನಿನ್ನೆ ಸಾವುಕಾರರು ಗೋದಾಮಿಗೆ ಬಂದು, ಒಮ್ಮೆ ಸೀನಿ,
ತಕ್ಕಡಿಯ ಕಡೆ ನೋಡುತ್ತ ಮೆಲ್ಲಗೆ ಕೇಳಿದರು:
'ಎಷ್ಟು ಉಳದಾವು?'
ಆರನೆಯದು ಚೀಲಗಳ ಹಿಂದೆ ತಣ್ಣಗೆ ಮಲಗಿತ್ತು.
'ಸ್ಟಾಕಿನ್ಯಾಗ ಇಲ್ರಿ' ಅಂದೆ.