ಏಳನೇ ಗೇಟಿನ ಗುಂಡಿ

ಜುಬೈಲಿನ ನಮ್ಮ ಏಳನೇ ಗೇಟಿನಲ್ಲಿ ಒಂದು ಗುಂಡಿ.
ಪಾಳಿ ಮುಗಿಸಿದವರು ಸಾಲಾಗಿ ಬಂದು ಒತ್ತಬೇಕು.
ಹಸಿರು ಬಂದರೆ ಬಸ್ಸು.
ಕೆಂಪು ಬಂದರೆ ಪಕ್ಕದ ಕೋಣೆ: ಬೆಲ್ಟು, ಬೂಟು,
ಬುತ್ತಿಯ ಮುಚ್ಚಳ, ಜೇಬಿನ ಒಳಮೈ.

ತಾಮ್ರದ ಚೂರು ಕದಿಯುವವರಿಗಾಗಿ ಇಟ್ಟದ್ದು.
ಮುಖ ನೋಡಿ ಮಣೆ ಹಾಕದ ಯಂತ್ರ
ಎಂದು ಮೀಟಿಂಗಿನಲ್ಲಿ ಹೇಳಿದ್ದರು.
ಆದರೂ ಒಬ್ಬ ಕಿರುಬೆರಳಲ್ಲೇ ಒತ್ತುತ್ತಿದ್ದ,
ಒಬ್ಬ ಉಸಿರು ಬಿಗಿಹಿಡಿದು,
ಬಿಹಾರದ ವೆಲ್ಡರ್ ಗುಂಡಿಗೆ ಮೊದಲು ಕೈಮುಗಿದು.

ಮುಕ್ಕದ ಹಮ್ಮಬ್ಬನಿಗೆ ಮಾತ್ರ ಕೆಂಪು.
ದಿನವೂ ಅಲ್ಲ. ಲೆಕ್ಕ ಇಟ್ಟರೆ ಜಾಸ್ತಿ.
ಬುತ್ತಿಯಲ್ಲಿ ಸಿಕ್ಕಿದ್ದು ಯಾವಾಗಲೂ
ಕ್ಯಾಂಪಿನ ಬೆಕ್ಕಿಗೆ ಉಳಿಸಿದ ಅರ್ಧ ಖುಬ್ಬೂಸು.
ಬಸ್ಸು ಅವನಿಗಾಗಿ ಕಾಯುತ್ತಿತ್ತು,
ಒಳಗೆ ನಾವು, ಅವನನ್ನೇ ಬೈಯುತ್ತ.
"ನನ್ನ ಹಣೆಬರಹ ಅದಕ್ಕೆ ಓದಲಿಕ್ಕೆ ಬರ್ತದೆ ಮಾರಾಯ"
ಅನ್ನುತ್ತಿದ್ದ, ಲೇಸು ಕಟ್ಟುತ್ತ ಹತ್ತಿ ಬಂದು.

ಜುಲೈಯಲ್ಲಿ ಗುಂಡಿ ಅಂಟಿಕೊಂಡಿತು.
ರಿಪೇರಿಗೆ ನನ್ನನ್ನು ಕಳಿಸಿದರು. ನಾಲ್ಕು ಸ್ಕ್ರೂ.
ಒಳಗೆ ಹಲ್ಲಿಯ ಒಣಗಿದ ಬಾಲ, ಧೂಳು,
ಉಗುರಿನಷ್ಟು ಒಂದು ಚಿಪ್.

ಕರೆಂಟು ತೆಗೆದೆ, ಕೊಟ್ಟೆ, ಒತ್ತಿದೆ:
ಹಸಿರು ಹಸಿರು ಕೆಂಪು ಹಸಿರು ಹಸಿರು ಹಸಿರು
ಹಸಿರು ಕೆಂಪು.
ತೆಗೆದೆ, ಕೊಟ್ಟೆ:
ಹಸಿರು ಹಸಿರು ಕೆಂಪು.
ಮತ್ತೆ. ಅದೇ.
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.

ಯಾದೃಚ್ಛಿಕ ಅನ್ನುವುದು ಪುಸ್ತಕದ ಮಾತು.
ಇದಕ್ಕೆ ಒಂದು ಬೀಜ ಕೊಟ್ಟಿರುತ್ತಾರೆ, ಒಂದು ಸಂಖ್ಯೆ.
ಅದನ್ನು ಗುಣಿಸಿ, ಕೂಡಿಸಿ, ತಲೆ ಕತ್ತರಿಸಿ
ಉಳಿದ ಬಾಲವನ್ನೇ ಮತ್ತೆ ಗುಣಿಸುತ್ತದೆ.
ನೋಡುವವನಿಗೆ ಎಲ್ಲ ಚೆಲ್ಲಾಪಿಲ್ಲಿ.
ಕರೆಂಟು ಹೋಗಿ ಬಂದರೆ ಮಾತ್ರ
ನೆನಪು ತೊಳೆದು, ಮೊದಲ ಬೀಜದಿಂದಲೇ ಶುರು.

ಎಸಿಗಳ ಭಾರಕ್ಕೆ ಗೇಟಿನ ಬ್ರೇಕರು
ಬೇಸಿಗೆಯಲ್ಲಿ ನಾಲ್ಕಕ್ಕೆ ಬೀಳುತ್ತಿತ್ತು.
ನಾಲ್ಕೂಕಾಲಿಗೆ ನಮ್ಮ ಸಾಲು.
ಹಮ್ಮಬ್ಬ, ಮೊಣಕಾಲು ನೋವಿನವನು,
ಸೀಟು ಸಿಗಲೆಂದು ಬೇಗ ಬರುವವನು,
ಮೂರನೆಯವನು.

ಬಾಯಿಪಾಠ ಬಿಡಿಸಿದೆ.
ಒಂದು ಡಯೋಡು ಕೂರಿಸಿ ಉಲ್ಟಾ ವೋಲ್ಟೇಜು ಕೊಟ್ಟೆ.
ಹೆಡ್‌ಫೋನಿನಲ್ಲಿ ಕೇಳಿದರೆ
ಶಮಾಲು ಗಾಳಿಗೆ ತಗಡಿನ ಮೇಲೆ ಮರಳು ಸುರಿದ ಸದ್ದು.
ಹಿಂದಿನ ಕ್ಷಣ ಏನಂದೆನೆಂದು ಅದಕ್ಕೇ ಗೊತ್ತಿಲ್ಲ.
ಆ ಸದ್ದೂ ಒಂದು ಕಡೆ ವಾಲುತ್ತದೆ.
ಅದಕ್ಕೇ ಎರಡೆರಡಾಗಿ ಹಿಡಿಯಬೇಕು,
ಒಂದೇ ಥರದ ಜೋಡಿಯನ್ನು ಬಿಸಾಡಬೇಕು,
ಬೇರೆ ಬೇರೆಯಾದರೆ ಮೊದಲನೆಯದನ್ನು ನಂಬಬೇಕು.
ಬಿಸಾಡಿದ್ದೇ ಹೆಚ್ಚು.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ:
ಹಣೆಬರಹ ಅಲ್ಲ ಮಾರಾಯ, ನೀನು ನಿಂತ ಜಾಗ.
ಖುಷಿಪಡುತ್ತಾನೆ ಅಂದುಕೊಂಡಿದ್ದೆ.
ಅವನು ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸುತ್ತ
ಬಹಳ ಹೊತ್ತು ಸುಮ್ಮನಿದ್ದ.
"ಎರಡು ಬೇಸಿಗೆ," ಅಂದ,
"ಎಂತ ತಪ್ಪು ಮಾಡಿದ್ದೇನೆ ಅಂತ ಹುಡುಕಿ ಹುಡುಕಿ
ತಮ್ಮನ ಸಾಲವನ್ನೂ ಬಿಟ್ಟುಕೊಟ್ಟೆನಲ್ಲ."

ಬಿಟ್ಟದ್ದನ್ನು ಮತ್ತೆ ಕೇಳುತ್ತೀಯಾ ಎಂದು
ಕೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ನಾಲ್ಕೂಕಾಲು. ಅವನೇ ಮೂರನೆಯವನು.
ಒತ್ತಿದ. ಕೆಂಪು.
ಸಾಲು ಪೂರ್ತಿ ನನ್ನ ಕಡೆ ತಿರುಗಿತು.
"ಇದು ನಿಜದ್ದಾ?" ಎಂದು ಅಲ್ಲಿಂದಲೇ ಕೂಗಿದ.
ನಿಜದ್ದು, ಅಂದೆ.
"ಹಾಗಾದರೆ ಅಡ್ಡಿಲ್ಲ."
ನಕ್ಕ. ಹೇಳುವ ಮೊದಲೇ ಮುಚ್ಚಳ ತೆಗೆದು
ನೇಪಾಳದ ಗಾರ್ಡು ಖಡ್ಕನ ಮೂಗಿಗೆ
ಖುಬ್ಬೂಸು ಹಿಡಿದ.